ಹಾಲು ಏರಿ ಫ್ಯಾಟ್ ಇಳಿಯುವುದೇಕೆ: ಕೆಚ್ಚಲಿನೊಳಗಿನ ಕೊಬ್ಬಿನ ಲೆಕ್ಕ

ಬೇಸಿಗೆ ಶುರುವಾಯಿತೆಂದರೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳ್ಳಿ ಡೈರಿಗಳಲ್ಲಿ ಒಂದೇ ತಕರಾರು: ‘ಹಿಂಡಿ ಜಾಸ್ತಿ ಹಾಕೀವ್ರಿ, ಹಾಲೂ ಬರ್ಲಕತ್ತದ, ಖರೆ ಫ್ಯಾಟ್ ಯಾಕ್ ಬೀಳ್ಲಕತ್ತದ?’ ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೆ ನಿಂತಿದೆ. 4.2 ಬರುತ್ತಿದ್ದ ಫ್ಯಾಟ್ ಹತ್ತು ದಿನದಲ್ಲಿ 3.3ಕ್ಕೆ ಬಂದರೆ ಲೀಟರ್ ಏರಿದ ಲಾಭ ಅಲ್ಲೇ ಕರಗುತ್ತದೆ. ಅನುಮಾನ ಮೊದಲು ಹೋಗುವುದು ಡೈರಿಯ ಯಂತ್ರದ ಮೇಲೆ, ಆಮೇಲೆ ಕಾರ್ಯದರ್ಶಿಯ ಮೇಲೆ. ಕೆಚ್ಚಲಿನ ಒಳಗೆ ಏನಾಯಿತು ಎಂದು ಕೇಳುವವರು ಕಡಿಮೆ.

ಯಂತ್ರದ ಅನುಮಾನ ಸುಳ್ಳೇ ಆಗಿರಬೇಕೆಂದಿಲ್ಲ. ಅದನ್ನು ಮೊದಲು ತೀರಿಸಿಕೊಳ್ಳುವುದು ಒಳ್ಳೆಯದು. ಹಾಲು ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಕೊಬ್ಬು ಶೇ 1–2ರಷ್ಟೇ ಇರುತ್ತದೆ, ಕೊನೆಯ ಹಾಲಿನಲ್ಲಿ ಶೇ 7 ದಾಟುವುದೂ ಉಂಟು. ಕರುವಿಗೆಂದು ಕೊನೆಯ ಹಾಲು ಬಿಟ್ಟವರು ಡೈರಿಗೆ ಒಯ್ಯುವುದು ತೆಳ್ಳನೆಯ ಪಾಲನ್ನು. ಕರುವಿಗೆ ಮೊದಲ ಹಾಲು ಕುಡಿಸಿ ಕೊನೆಯದನ್ನು ಕರೆದುಕೊಂಡರೆ ಅದೇ ಹಸುವಿನ ಅಂಕಿ ಬೇರೆಯಾಗುತ್ತದೆ. ಎರಡು ಕರೆತಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಫ್ಯಾಟ್ ಕಡಿಮೆ, ಹಾಗಾಗಿ ಮುಂಜಾನೆಯ ಹಾಲನ್ನು ಸಂಜೆಯ ಹಾಲಿಗೆ ಹೋಲಿಸಬಾರದು. ಕ್ಯಾನಿನ ಹಾಲನ್ನು ಚೆನ್ನಾಗಿ ತಿರುವದೆ ಮಾದರಿ ತೆಗೆದರೂ ಅಂಕಿ ಹಳ್ಳ ಹಿಡಿಯುತ್ತದೆ. ಇಷ್ಟಾದರೂ ಸಂಶಯ ಉಳಿದರೆ ಗರ್ಬರ್ ಪರೀಕ್ಷೆ ಮಾಡಿಸಬಹುದು. ಬ್ಯುಟಿರೋಮೀಟರ್ ಎಂಬ ಅಳತೆಯ ಗಾಜಿನ ನಳಿಗೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಓದುವ ಹಳೆಯ ವಿಧಾನ ಅದು. ಅದರಲ್ಲೂ ಅಂಕಿ ಕೆಳಗೇ ಇದ್ದರೆ ಹುಡುಕಬೇಕಾದ ಜಾಗ ಗ್ವಾದಲಿ.

ಹಾಲಿನ ಪ್ರಮಾಣಕ್ಕೆ ಬೇಕಾದ ಕಚ್ಚಾವಸ್ತು ಒಂದು, ಹಾಲಿನ ಕೊಬ್ಬಿಗೆ ಬೇಕಾದದ್ದು ಇನ್ನೊಂದು. ಗೊಂದಲವೆಲ್ಲ ಹುಟ್ಟುವುದು ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಹಿಂಡಿ, ನುಚ್ಚು ಒಂದನ್ನು ಏರಿಸುತ್ತಲೇ ಇನ್ನೊಂದನ್ನು ಇಳಿಸಬಲ್ಲವು.

ಕಣಕಿಯಿಂದ ಕೊಬ್ಬು

ದನ, ಎಮ್ಮೆ, ಆಡು ತಿಂದ ಜೋಳದ ಕಣಕಿ (ಒಣ ದಂಟು) ಮೊದಲು ಸೇರುವುದು ರುಮೆನ್ ಎಂಬ ದೊಡ್ಡ ಹೊಟ್ಟೆಗೆ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಮೂರು ಚಿಕ್ಕ ಆಮ್ಲಗಳನ್ನು ಮಾಡುತ್ತವೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಮೇವು ಮುಖ್ಯವಾಗಿದ್ದರೆ ಇವುಗಳ ಪಾಲು ಸುಮಾರು 70:20:10. ಜೋಳದ ನುಚ್ಚು, ಮೆಕ್ಕೆಜೋಳದ ಹಿಟ್ಟು ಮೇಲುಗೈಯಾದರೆ ಅಸಿಟೇಟ್ 50ರ ಆಸುಪಾಸಿಗೆ ಇಳಿದು ಪ್ರೊಪಿಯೊನೇಟ್ 40ರ ಹತ್ತಿರಕ್ಕೂ ಏರಬಹುದು.

ಪ್ರೊಪಿಯೊನೇಟ್ ಯಕೃತ್ತಿಗೆ ಹೋಗಿ ಗ್ಲೂಕೋಸ್ ಆಗುತ್ತದೆ. ಆ ಗ್ಲೂಕೋಸಿನಿಂದ ಕೆಚ್ಚಲು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಮಾಡುತ್ತದೆ, ಲ್ಯಾಕ್ಟೋಸ್ ತನ್ನ ಜೊತೆ ನೀರನ್ನು ಎಳೆದುಕೊಳ್ಳುತ್ತದೆ. ಹಾಲು ಎಷ್ಟು ಲೀಟರ್ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಲ್ಯಾಕ್ಟೋಸ್. 10 ಲೀಟರ್ ಹಾಲಿಗೆ ಕೆಚ್ಚಲು ಸುಮಾರು 700 ಗ್ರಾಂ ಗ್ಲೂಕೋಸ್ ಬಳಸುತ್ತದೆ. ನುಚ್ಚು ಹಾಕಿದರೆ ಹಾಲು ಏರುವುದು ಇದೇ ದಾರಿಯಲ್ಲಿ.

ಅಸಿಟೇಟಿನ ದಾರಿ ಬೇರೆ. ಯಕೃತ್ತು ಅದನ್ನು ಹೆಚ್ಚು ಮುಟ್ಟುವುದಿಲ್ಲ, ರಕ್ತದಲ್ಲಿ ಹರಿದು ಅದು ಕೆಚ್ಚಲನ್ನು ಸೇರುತ್ತದೆ. ಹಸುವಿನ ಹಾಲಿನ ಕೊಬ್ಬಿನಾಮ್ಲಗಳಲ್ಲಿ ತೂಕದ ಲೆಕ್ಕದಲ್ಲಿ ಹತ್ತಿರಹತ್ತಿರ ಅರ್ಧ ಭಾಗವನ್ನು ಕೆಚ್ಚಲಿನ ಜೀವಕೋಶಗಳು ಅಲ್ಲೇ ಹೊಸದಾಗಿ ಕಟ್ಟುತ್ತವೆ. 4ರಿಂದ 14 ಇಂಗಾಲದವರೆಗಿನ ಆಮ್ಲಗಳು ಬಹುತೇಕ ಹೀಗೆ ಕಟ್ಟಿದವು, 16 ಇಂಗಾಲದ ಪಾಲ್ಮಿಟಿಕ್ ಆಮ್ಲದಲ್ಲಿ ಸುಮಾರು ಅರ್ಧ. ಉಳಿದ ಪಾಲ್ಮಿಟಿಕ್ ಮತ್ತು 18 ಇಂಗಾಲದವು ರಕ್ತದಿಂದ ಬರುತ್ತವೆ. ಅವುಗಳ ಮೂಲ ಮೇವಿನ ಎಣ್ಣೆ ಇಲ್ಲವೇ ಮೈಯ ಕೊಬ್ಬು.

ಮನುಷ್ಯರ ಯಕೃತ್ತು ಸಕ್ಕರೆಯಿಂದಲೂ ಕೊಬ್ಬು ಕಟ್ಟುತ್ತದೆ. ಗ್ಲೂಕೋಸ್ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಸಿಟ್ರೇಟ್ ಆಗಿ ಹೊರಬರುತ್ತದೆ, ಎಟಿಪಿ-ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಒಡೆದು ಎರಡು ಇಂಗಾಲದ ತುಂಡು ಕೊಡುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಈ ಲಯೇಸ್ ಬಹಳ ದುರ್ಬಲ. ಕರುಳಿನಿಂದ ಅವಕ್ಕೆ ಗ್ಲೂಕೋಸ್ ಸಿಗುವುದೇ ಅಲ್ಪ, ಸಿಕ್ಕಿದ್ದು ಲ್ಯಾಕ್ಟೋಸಿಗೆ ಬೇಕು. ಕೊಬ್ಬಿಗೆ ಅಸಿಟೇಟೇ ಗತಿ.

ಎರಡೆರಡು ಇಂಗಾಲ ಜೋಡಿಸುವ ಕೆಲಸ

ಅಸಿಟೇಟಿನಲ್ಲಿರುವುದು ಎರಡು ಇಂಗಾಲ. ಕೆಚ್ಚಲಿನ ಜೀವಕೋಶದ ದ್ರವದಲ್ಲಿ ಅಸಿಟೈಲ್-ಕೋಎ ಸಿಂಥಟೇಸ್ ಎಂಬ ಕಿಣ್ವ ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡಿ ಅದನ್ನು ಕೋಎನ್‌ಜೈಮ್-ಎ ಎಂಬ ಸಾಗಣೆಯ ಅಣುವಿಗೆ ಅಂಟಿಸಿ ಅಸಿಟೈಲ್-ಕೋಎ ಮಾಡುತ್ತದೆ. ಇದಾದ ಮೇಲೆ ಬರುವುದು ಎಸಿಸಿ ಎಂದು ಚಿಕ್ಕದಾಗಿ ಕರೆಯುವ ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್. ಇಡೀ ಕೆಲಸದ ಬೀಗದ ಕೈ ಇದರ ಬಳಿ ಇದೆ. ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿಕೆ ಮಾಡಿಕೊಂಡು, ಇನ್ನೊಂದು ಎಟಿಪಿ ಸುಟ್ಟು, ಬೈಕಾರ್ಬೊನೇಟಿನಿಂದ ಒಂದು ಇಂಗಾಲ ತೆಗೆದು ಅದು ಅಸಿಟೈಲ್-ಕೋಎಗೆ ಸೇರಿಸುತ್ತದೆ. ಆಗ ಮೂರು ಇಂಗಾಲದ ಮ್ಯಾಲೊನೈಲ್-ಕೋಎ ಸಿದ್ಧ.

ವಿಚಿತ್ರವೆಂದರೆ, ಹೀಗೆ ಸೇರಿಸಿದ ಇಂಗಾಲ ಕೊಬ್ಬಿನಲ್ಲಿ ಉಳಿಯುವುದೇ ಇಲ್ಲ. ಮುಂದಿನ ಹಂತದಲ್ಲೇ ಅದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಹಾಗಾದರೆ ಸೇರಿಸುವುದೇಕೆ? ಅದು ಕಳಚಿಕೊಳ್ಳುವಾಗಿನ ರಭಸದಲ್ಲೇ ಎರಡು ತುಂಡುಗಳು ಬೆಸೆದುಕೊಳ್ಳುತ್ತವೆ, ಕೆಲಸ ಹಿಂದಕ್ಕೆ ಹರಿಯುವುದಿಲ್ಲ. ಬೈಕಾರ್ಬೊನೇಟ್ ಇಲ್ಲದೆ ಕೊಬ್ಬು ಕಟ್ಟುವುದು ನಿಲ್ಲುತ್ತದೆ, ಆದರೂ ಕಟ್ಟಿದ ಕೊಬ್ಬಿನಲ್ಲಿ ಅದರ ಇಂಗಾಲ ಕಾಣುವುದಿಲ್ಲ. ಈ ಒಗಟಿನ ಬೆನ್ನು ಹತ್ತಿ 1958ರಲ್ಲಿ ಮ್ಯಾಲೊನೈಲ್ ಹಂತವನ್ನು ತೋರಿಸಿಕೊಟ್ಟವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡುತ್ತಿದ್ದ, ಇರಾಕ್ ಮೂಲದ ಸಾಲಿಹ್ ವಕೀಲ್.

ಮೂರನೆಯದು ಫ್ಯಾಟಿ ಆಸಿಡ್ ಸಿಂಥೇಸ್, ಚಿಕ್ಕದಾಗಿ ಎಫ್‌ಎಎಸ್. ಸುಮಾರು 2,500 ಅಮೈನೊ ಆಮ್ಲಗಳ ಒಂದೇ ಉದ್ದ ಸರಪಳಿ, ಅಂಥವೆರಡು ಜೋಡಿಯಾಗಿ ನಿಂತರೆ ಒಂದು ಕಿಣ್ವ. ಹಂದಿಯ ಎಫ್‌ಎಎಸ್‌ನ ಆಕಾರವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಟಿಮ್ ಮಾಯರ್, ನೆನಾದ್ ಬಾನ್ ಮತ್ತು ಸಂಗಡಿಗರು 2008ರಲ್ಲಿ 3.2 ಆಂಗ್‌ಸ್ಟ್ರಮ್ ಸ್ಪಷ್ಟತೆಯಲ್ಲಿ ಬಿಡಿಸಿದಾಗ ಕಂಡದ್ದು ಇಂಗ್ಲಿಷಿನ ಎಕ್ಸ್ ಅಕ್ಷರದಂಥ ರಚನೆ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ತೊಗರಿಯೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುತ್ತದಲ್ಲ, ಇಲ್ಲಿ ಹಾಗೆ ಮಾಲನ್ನು ಸಾಗಿಸುವುದು ಎಸಿಪಿ ಎಂಬ ಭಾಗ. ಅದರ ತುದಿಗೆ ಪ್ಯಾಂಟೊಥೆನಿಕ್ ಆಮ್ಲದಿಂದಾದ ಉದ್ದನೆಯ ತೋಳೊಂದಿದೆ, ತೋಳಿನ ತುದಿಯಲ್ಲಿ ಗಂಧಕ. ಬೆಳೆಯುತ್ತಿರುವ ಕೊಬ್ಬಿನ ಎಳೆ ಆ ಗಂಧಕಕ್ಕೆ ಜೋತುಬಿದ್ದು ಒಂದೊಂದು ಕೆಲಸದ ಜಾಗಕ್ಕೂ ಹೋಗಿಬರುತ್ತದೆ.

ಒಂದು ಸುತ್ತು ಹೀಗೆ. ಮೊದಲ ಎರಡು ಇಂಗಾಲದ ತುಂಡು ಬೆಸುಗೆಯ ಜಾಗದಲ್ಲಿ ಕೂತಿರುತ್ತದೆ. ತೋಳು ಮ್ಯಾಲೊನೈಲ್ ತಂದು ಎದುರಿಗೆ ಹಿಡಿಯುತ್ತದೆ. ಡೈಆಕ್ಸೈಡ್ ಹಾರಿ ಎರಡೂ ಬೆಸೆದು ನಾಲ್ಕು ಇಂಗಾಲವಾಗುತ್ತವೆ. ಆದರೆ ಅದರಲ್ಲಿ ಬೇಡದ ಆಮ್ಲಜನಕವೊಂದು ಉಳಿದಿರುತ್ತದೆ. ಜಲಜನಕ ಒದಗಿಸುವ ಎನ್‌ಎಡಿಪಿಎಚ್ ಎಂಬ ಅಣು ಒಂದನ್ನು ಬಳಸಿ ಅದನ್ನು ಆಲ್ಕೋಹಾಲ್ ಮಾಡುವುದು, ನೀರಿನ ಅಣುವೊಂದನ್ನು ಕಿತ್ತು ಹಾಕುವುದು, ಆಗ ಹುಟ್ಟಿದ ಜೋಡಿಬಂಧವನ್ನು ಇನ್ನೊಂದು ಎನ್‌ಎಡಿಪಿಎಚ್‌ನಿಂದ ಮುಚ್ಚುವುದು, ಇಷ್ಟಾದರೆ ನಾಲ್ಕು ಇಂಗಾಲದ ನೇರ ಎಳೆ ತಯಾರು. ಅದು ಮತ್ತೆ ಬೆಸುಗೆಯ ಜಾಗಕ್ಕೆ ಹೋಗುತ್ತದೆ, ತೋಳು ಇನ್ನೊಂದು ಮ್ಯಾಲೊನೈಲ್ ತರುತ್ತದೆ. ಏಳು ಸುತ್ತು ಮುಗಿದರೆ 16 ಇಂಗಾಲದ ಪಾಲ್ಮಿಟಿಕ್ ಆಮ್ಲ. ಥಯೊಎಸ್ಟರೇಸ್ ಎಂಬ ಭಾಗ ಅದನ್ನು ತೋಳಿನಿಂದ ಕತ್ತರಿಸಿ ಬಿಡುತ್ತದೆ.

ಒಟ್ಟು ಖರ್ಚು: 8 ಅಸಿಟೈಲ್-ಕೋಎ, 7 ಎಟಿಪಿ, 14 ಎನ್‌ಎಡಿಪಿಎಚ್. ತೂಕಕ್ಕೆ ಇಳಿಸಿದರೆ 256 ಗ್ರಾಂ ಪಾಲ್ಮಿಟಿಕ್ ಆಮ್ಲಕ್ಕೆ 480 ಗ್ರಾಂ ಅಸಿಟಿಕ್ ಆಮ್ಲ. ಶೇ 4 ಫ್ಯಾಟಿನ 10 ಲೀಟರ್ ಹಾಲಿನಲ್ಲಿ ಸುಮಾರು 400 ಗ್ರಾಂ ಕೊಬ್ಬಿದೆ. ಅದರ ಅರ್ಧವನ್ನು ಕೆಚ್ಚಲೇ ಕಟ್ಟಿತೆಂದು, ಎಲ್ಲವೂ ಪಾಲ್ಮಿಟಿಕ್ಕೇ ಎಂದು ಲೆಕ್ಕಕ್ಕೆ ಹಿಡಿದರೆ, ಬರೀ ಇಂಗಾಲದ ಬಾಬ್ತಿಗೇ ದಿನಕ್ಕೆ 375 ಗ್ರಾಂ ಅಸಿಟಿಕ್ ಆಮ್ಲ ಬೇಕು. ಎಟಿಪಿ, ಎನ್‌ಎಡಿಪಿಎಚ್ ಒದಗಿಸಲು ಸುಡುವ ಅಸಿಟೇಟ್ ಇದರ ಮೇಲೆ. ಬ್ಯುಟಿರೇಟಿನಿಂದ ಬರುವ ನಾಲ್ಕು ಇಂಗಾಲದ ತುಂಡು ಎಷ್ಟೋ ಎಳೆಗಳಿಗೆ ಆರಂಭದ ತುಣುಕಾಗಿ ಸ್ವಲ್ಪ ಭಾರ ಇಳಿಸುತ್ತದೆ. ಆದರೂ ದೊಡ್ಡ ಪಾಲು ಹೊರುವುದು ಕಣಕಿ, ಹುಲ್ಲಿನ ನಾರು.

ಹಸು, ಎಮ್ಮೆ, ಆಡಿನ ಕೆಚ್ಚಲಿನಲ್ಲಿ ಎಫ್‌ಎಎಸ್ ಏಳೂ ಸುತ್ತು ಮುಗಿಯುವವರೆಗೆ ಕಾಯುವುದಿಲ್ಲ. ತುಂಡುಗಳನ್ನು ಒಳಗೆ ಏರಿಸುವ ಭಾಗವೇ ಅರ್ಧ ಬೆಳೆದ ಎಳೆಗಳನ್ನು ಹೊರಗೂ ಇಳಿಸುತ್ತದೆ. 4, 6, 8, 10 ಇಂಗಾಲದ ಚಿಕ್ಕ ಆಮ್ಲಗಳು ಹಾಲಿಗೆ ಬರುವುದು ಹೀಗೆ, ತುಪ್ಪದ ಘಮದಲ್ಲಿ ಅವುಗಳ ಪಾಲಿದೆ. ರಕ್ತದಿಂದ ಬಂದ 18 ಇಂಗಾಲದ ಗಟ್ಟಿ ಸ್ಟಿಯರಿಕ್ ಆಮ್ಲದಲ್ಲಿ ಎಸ್‌ಸಿಡಿ ಎಂಬ ಇನ್ನೊಂದು ಕಿಣ್ವ ಜೋಡಿಬಂಧ ಮಾಡಿ ಅದನ್ನು ಮೆತ್ತಗಿನ ಓಲಿಕ್ ಆಮ್ಲವಾಗಿಸುತ್ತದೆ. ಕಡೆಗೆ ಮೂರು ಆಮ್ಲಗಳು ಒಂದು ಗ್ಲಿಸರಾಲಿಗೆ ಸೇರಿ ಕೊಬ್ಬಾಗುತ್ತವೆ. ಈ ಕೊನೆಯ ಜೋಡಣೆಯ ಕಿಣ್ವ ಡಿಜಿಎಟಿ-1. ಅದರ 232ನೇ ಸ್ಥಾನದಲ್ಲಿ ಲೈಸಿನ್ ಇದ್ದರೆ ಫ್ಯಾಟ್ ಹೆಚ್ಚು, ಅಲನಿನ್ ಇದ್ದರೆ ಕಡಿಮೆ ಎಂದು 2002ರಲ್ಲಿ ಗೊತ್ತಾಯಿತು. ನಾಡ ದನಗಳಲ್ಲಿ, ಎಮ್ಮೆಗಳಲ್ಲಿ ಲೈಸಿನ್ ರೂಪವೇ ಹೆಚ್ಚುಕಡಿಮೆ ಎಲ್ಲೆಲ್ಲೂ ಕಾಣುತ್ತದೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯಲ್ಲಿ ಎರಡೂ ಬೆರೆತಿವೆ. ಬೀದರ್ ಸೀಮೆಯ ದೇವಣಿ ದನ ಹಾಲು ಕಡಿಮೆ ಕೊಟ್ಟರೂ ಅದು ಗಟ್ಟಿ ಇರುವುದಕ್ಕೆ ತಳಿಯ ಕಾರಣಗಳೂ ಇವೆ ಅನ್ನುವುದಕ್ಕಷ್ಟೇ ಈ ಮಾತು. ಹತ್ತು ದಿನದಲ್ಲಿ ಬಿದ್ದ ಫ್ಯಾಟಿಗೆ ತಳಿಯನ್ನು ದೂರುವಂತಿಲ್ಲ.

ಕಿಣ್ವಗಳನ್ನು ಮಲಗಿಸುವ ಕೊಬ್ಬು

ನುಚ್ಚು ಹೆಚ್ಚಾದರೆ ಅಸಿಟೇಟ್ ಕಡಿಮೆ, ಅದಕ್ಕೇ ಫ್ಯಾಟ್ ಕಡಿಮೆ ಎಂದು ಬಹಳ ಕಾಲ ವಿವರಣೆ ಕೊಡುತ್ತಿದ್ದರು. ಅದು ಅರ್ಧ ಸತ್ಯ. ಇಂಥ ಎಷ್ಟೋ ಹಸುಗಳಲ್ಲಿ ಅಸಿಟೇಟಿನ ಶೇಕಡಾವಾರು ಪಾಲು ಇಳಿದರೂ ಒಟ್ಟು ಪ್ರಮಾಣ ಅಷ್ಟೇನೂ ಇಳಿದಿರುವುದಿಲ್ಲ, ಫ್ಯಾಟ್ ಮಾತ್ರ ಅರ್ಧಕ್ಕೆ ಬಂದಿರುತ್ತದೆ. ಹಾಲಿನ ಪ್ರಮಾಣಕ್ಕಾಗಲಿ ಪ್ರೋಟೀನಿಗಾಗಲಿ ಏನೂ ಆಗಿರುವುದಿಲ್ಲ. ಅಂದರೆ ಕಚ್ಚಾವಸ್ತು ಇದ್ದೂ ಕೆಲಸ ನಿಂತಿದೆ.

ನಿಲ್ಲಿಸುವ ವಸ್ತು ತಯಾರಾಗುವುದು ರುಮೆನ್‌ನಲ್ಲೇ. ಕುಸುಬೆ, ಸೂರ್ಯಕಾಂತಿ, ಸೋಯಾ, ಹತ್ತಿಕಾಳು, ಇವುಗಳ ಎಣ್ಣೆಯಲ್ಲಿ ಲಿನೊಲಿಯಿಕ್ ಆಮ್ಲ ಹೇರಳ. ಕುಸುಬೆಯ ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಂತೂ ಮುಕ್ಕಾಲು ಪಾಲು ಅದೇ. ರುಮೆನ್‌ನ ಸೂಕ್ಷ್ಮಜೀವಿಗಳಿಗೆ ಅದು ವಿಷದಂತೆ, ಹಾಗಾಗಿ ಅವು ಜಲಜನಕ ಸೇರಿಸಿ ಅದನ್ನು ಗಟ್ಟಿ ಕೊಬ್ಬಾಗಿಸುತ್ತವೆ. ರುಮೆನ್‌ನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.2ಕ್ಕಿಂತ ಮೇಲಿದ್ದು ನಾರು ಸಾಕಷ್ಟಿದ್ದರೆ ಈ ಕೆಲಸ ‘ಟ್ರಾನ್ಸ್-11’ ಎಂಬ ನಿರುಪದ್ರವಿ ದಾರಿಯಲ್ಲಿ ಸಾಗುತ್ತದೆ. ಪಿಷ್ಟ ಹೆಚ್ಚಾಗಿ ಪಿಎಚ್ 5.8ರ ಕೆಳಗೆ ಇಳಿದರೆ ಸೂಕ್ಷ್ಮಜೀವಿಗಳ ಬಳಗವೇ ಬದಲಾಗಿ ದಾರಿ ‘ಟ್ರಾನ್ಸ್-10’ರತ್ತ ಹೊರಳುತ್ತದೆ. ಅಲ್ಲಿ ಹುಟ್ಟುವ ಟ್ರಾನ್ಸ್-10, ಸಿಸ್-12 ಸಿಎಲ್‌ಎ ಎಂಬ ಆಮ್ಲ ರಕ್ತದ ಮೂಲಕ ಕೆಚ್ಚಲಿಗೆ ಬಂದು ಎಸ್‌ಆರ್‌ಇಬಿಪಿ-1 ಎಂಬ ನಿಯಂತ್ರಕವನ್ನು ಅಡಗಿಸುತ್ತದೆ. ಎಸಿಸಿ, ಎಫ್‌ಎಎಸ್, ಎಸ್‌ಸಿಡಿ ಮತ್ತು ರಕ್ತದಿಂದ ಕೊಬ್ಬು ಹೀರುವ ಲೈಪೇಸ್, ಇವೆಲ್ಲದರ ತಯಾರಿಕೆ ಒಟ್ಟಿಗೇ ಕುಗ್ಗುತ್ತದೆ. ಎಷ್ಟು ಬೇಕು ಎನ್ನುತ್ತೀರಿ? ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 10 ಗ್ರಾಂ ಸಾಕಾಗಿತ್ತು. ರುಮೆನ್ ದಾಟಿಸಿ ಮುಂದಿನ ಹೊಟ್ಟೆಗೇ ಅದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಹಾಲಿನ ಕೊಬ್ಬು ಶೇ 40ಕ್ಕಿಂತ ಹೆಚ್ಚು ಇಳಿಯಿತು.

ಇಲ್ಲಿ ಎರಡು ಶರತ್ತು ಕೂಡಬೇಕು: ಹುಳಿಯೇರಿದ ರುಮೆನ್ ಮತ್ತು ದ್ರವ ಎಣ್ಣೆ. ಒಂದೇ ಇದ್ದರೆ ಪೆಟ್ಟು ಸಣ್ಣದು. ನಮ್ಮ ಮೂರು ಜಿಲ್ಲೆಗಳ ಬೇಸಿಗೆಯಲ್ಲಿ ಎರಡೂ ತಾವಾಗಿ ಕೂಡಿಬರುತ್ತವೆ. ಕಣಕಿ ತುಟ್ಟಿಯಾಗಿ ಬಣವೆ ಖಾಲಿಯಾಗುತ್ತದೆ, ಮೇವಿನ ಕೊರತೆಯನ್ನು ಹಿಂಡಿ, ನುಚ್ಚಿನಿಂದ ತುಂಬುತ್ತಾರೆ. ಬಿಸಿಲು 42 ಡಿಗ್ರಿ ದಾಟಿದಾಗ ದನ ಮಧ್ಯಾಹ್ನ ಮೇವು ಮುಟ್ಟದೆ ಸಂಜೆ ಹಿಂಡಿಯ ಮೇಲೆ ಬೀಳುತ್ತದೆ. ಏದುಸಿರು ಬಿಡುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬೈಕಾರ್ಬೊನೇಟ್ ಕುಗ್ಗುತ್ತದೆ, ಬಾಯಿಂದ ಜೊಲ್ಲೂ ಸುರಿದು ಹೋಗುತ್ತದೆ. ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ನುಂಗಿ ರುಮೆನ್‌ನ ಹುಳಿ ತಣಿಸಿಕೊಳ್ಳುವ ಪ್ರಾಣಿಗೆ ಇದು ದೊಡ್ಡ ನಷ್ಟ.

ಗಾಣದ ಹಿಂಡಿ, ಫ್ಯಾಕ್ಟರಿ ಹಿಂಡಿ

ಹಿಂಡಿ ಎಂದರೆ ಎಲ್ಲವೂ ಒಂದೇ ಅಲ್ಲ. ಗಾಣದಲ್ಲಿ, ಎಕ್ಸ್‌ಪೆಲ್ಲರಿನಲ್ಲಿ ಹಿಂಡಿದ ಕುಸುಬೆ ಅಥವಾ ಹತ್ತಿಕಾಳು ಹಿಂಡಿಯಲ್ಲಿ ಶೇ 6–8 ಎಣ್ಣೆ ಉಳಿದಿರುತ್ತದೆ. ದ್ರಾವಕದಿಂದ ಎಣ್ಣೆ ತೆಗೆದ ಫ್ಯಾಕ್ಟರಿ ಹಿಂಡಿಯಲ್ಲಿ ಅದು ಶೇ 1–1.5ರ ಆಸುಪಾಸು. ಶಹಾಪುರ, ಸುರಪುರ ಕಡೆಯ ನೀರಾವರಿ ಹಳ್ಳಿಗಳಲ್ಲಿ ಸಿಗುವ ಹಸಿ ಅಕ್ಕಿ ತೌಡಿನಲ್ಲಿ ಶೇ 15ರ ಮೇಲೆ ಎಣ್ಣೆ ಇರುತ್ತದೆ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಇಡೀ ಹತ್ತಿಕಾಳಿನಲ್ಲಿ ಶೇ 18–20. ಆದರೆ ಅದರ ಎಣ್ಣೆ ಸಿಪ್ಪೆ, ನಾರಿನೊಳಗೆ ಇರುವುದರಿಂದ ನಿಧಾನ ಬಿಡುಗಡೆಯಾಗುತ್ತದೆ, ಮಿತಿಯಲ್ಲಿದ್ದರೆ ಫ್ಯಾಟನ್ನು ಏರಿಸುತ್ತದೆ ಕೂಡ. ದಾಲ್ ಮಿಲ್ಲುಗಳ ತೊಗರಿ ಚುನ್ನಿಯಲ್ಲಿ ಎಣ್ಣೆ ಅತ್ಯಲ್ಪ, ಈ ಲೆಕ್ಕದಲ್ಲಿ ಅದು ನಿರಪಾಯ.

ಮಿತಿಯನ್ನು ಹೀಗೆ ಹಾಕಬಹುದು. ಸುಮಾರು 400 ಕೆಜಿ ತೂಕದ ಹಸು ದಿನಕ್ಕೆ 12 ಕೆಜಿ ಒಣ ಪದಾರ್ಥ (ನೀರಿನಂಶ ಕಳೆದ ಮೇವಿನ ತೂಕ) ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಎಣ್ಣೆ ಅದರ ಶೇ 6 ಮೀರಬಾರದು, ಅಂದರೆ 720 ಗ್ರಾಂ. ಮಾಮೂಲಿ ಮೇವು, ಧಾನ್ಯದಲ್ಲೇ 300–350 ಗ್ರಾಂ ಹೋಗುತ್ತದೆ. ಉಳಿದದ್ದು ಹೆಚ್ಚೆಂದರೆ 400 ಗ್ರಾಂ. ಎರಡು ಕೆಜಿ ಹತ್ತಿಕಾಳು ಹಾಕಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಅದರ ಮೇಲೆ ಗಾಣದ ಕುಸುಬೆ ಹಿಂಡಿಯನ್ನೂ ತೌಡನ್ನೂ ಸೇರಿಸಿದರೆ ದಾಟಿದಂತೆಯೇ. ಫ್ಯಾಟ್ ಬರಲೆಂದು ಬಾಟಲಿಯಲ್ಲಿ ಎಣ್ಣೆ ಕುಡಿಸುವ ಚಾಳಿಯಂತೂ ಎಲ್ಲಕ್ಕಿಂತ ಕೆಟ್ಟದ್ದು. ನಾರು ಕೊಳೆಸುವ ಸೂಕ್ಷ್ಮಜೀವಿಗಳನ್ನು ಅದು ಒಂದೇ ಏಟಿಗೆ ಹೊಡೆಯುತ್ತದೆ.

ಎಣ್ಣೆ ಮಿತಿಯೊಳಗಿದ್ದು ಫ್ಯಾಟಿನ ಅಂಕಿ ಚೆನ್ನಾಗಿದ್ದಾಗಲೂ ಕೊಬ್ಬಿನ ಒಳರಚನೆ ಬದಲಾಗಿರುತ್ತದೆ. ಮೇವಿನಿಂದ ಬಂದ ಉದ್ದ ಆಮ್ಲಗಳು ಎಸಿಸಿಯನ್ನು ತಡೆಯುತ್ತವೆ, ಕೆಚ್ಚಲು ಕಟ್ಟುವ ಚಿಕ್ಕ ಆಮ್ಲಗಳು ಕಡಿಮೆಯಾಗುತ್ತವೆ. ತುಪ್ಪದ ಶುದ್ಧತೆ ನೋಡುವ ಆರ್‌ಎಂ ಮೌಲ್ಯ ಅಳೆಯುವುದು ಇದನ್ನೇ: 5 ಗ್ರಾಂ ತುಪ್ಪದಿಂದ ಆವಿಯಲ್ಲಿ ಹೊರಡುವ, ನೀರಿನಲ್ಲಿ ಕರಗುವ ಚಿಕ್ಕ ಆಮ್ಲಗಳನ್ನು. ಸಾಮಾನ್ಯ ತುಪ್ಪಕ್ಕೆ ಅದು 28ಕ್ಕೆ ಕಡಿಮೆ ಇರಬಾರದು ಎನ್ನುವ ಆಗ್‌ಮಾರ್ಕ್, ಹತ್ತಿಕಾಳು ತಿನ್ನಿಸುವ ಹತ್ತಿ ಸೀಮೆಯ ತುಪ್ಪಕ್ಕೆ ಬೇರೆಯದೇ, ಕಡಿಮೆ ಮಿತಿ ಇಟ್ಟಿದೆ. ಕಲಬೆರಕೆ ಮಾಡದವರ ತುಪ್ಪವೂ ಪರೀಕ್ಷೆಯಲ್ಲಿ ಅನುಮಾನಕ್ಕೆ ಬೀಳಬಹುದು ಎಂಬುದನ್ನು ನಿಯಮ ಮಾಡಿದವರೇ ಒಪ್ಪಿಕೊಂಡಂತಾಯಿತು.

ಸರಿಪಡಿಸುವ ಕ್ರಮ

ಮೊದಲು ಹಿಂದಿನ ಹದಿನೈದು ದಿನಗಳಲ್ಲಿ ಮೇವಿನಲ್ಲಿ ಏನು ಬದಲಾಯಿತು ಎಂದು ನೋಡಬೇಕು. ಈ ಬಗೆಯ ಕುಸಿತ ಸಾಮಾನ್ಯವಾಗಿ 7–10 ದಿನಗಳಲ್ಲಿ ಪೂರ್ತಿಯಾಗುತ್ತದೆ, ಆದ್ದರಿಂದ ನಿನ್ನೆ ಹಾಕಿದ ಹೊಸ ಹಿಂಡಿಗಿಂತ ಕಳೆದ ವಾರದ ಹಿಂಡಿಯ ಮೇಲೆ ಕಣ್ಣಿಡಿ. ಸೆಗಣಿ ತೆಳ್ಳಗಾಗಿ ಕಾಳು ಹಾಗೇ ಬೀಳುತ್ತಿದ್ದರೆ, ಮಲಗಿದ ದನಗಳಲ್ಲಿ ಅರ್ಧಕ್ಕಿಂತ ಕಡಿಮೆ ಮೆಲುಕು ಹಾಕುತ್ತಿದ್ದರೆ ರುಮೆನ್ ಹುಳಿಯಾಗಿರುವ ಸಾಧ್ಯತೆ ಹೆಚ್ಚು. ಒಂದೇ ದನದ ಫ್ಯಾಟ್ ಬಿದ್ದು ಮಿಕ್ಕವು ಸರಿಯಿದ್ದರೆ ಕೆಚ್ಚಲು ಬಾವನ್ನೂ ಪರೀಕ್ಷಿಸಿ.

ಒಣಮೇವು ಒಟ್ಟು ಒಣ ಪದಾರ್ಥದ ಶೇ 40ಕ್ಕೆ ಕಡಿಮೆಯಾಗಬಾರದು. 12 ಕೆಜಿ ತಿನ್ನುವ ಹಸುವಿಗೆ ಅದು ಸುಮಾರು 5 ಕೆಜಿ. ಕಣಕಿಯನ್ನು 2–3 ಸೆಂಟಿಮೀಟರಿಗೆ ಕತ್ತರಿಸಿದರೆ ಸಾಕು. ಹಿಟ್ಟಿನಂತೆ ಪುಡಿ ಮಾಡಿದರೆ ಅಗಿಯುವ ಕೆಲಸವಿಲ್ಲ, ಅಗಿಯದೆ ಜೊಲ್ಲಿಲ್ಲ. ಮೇವು ಮೊದಲು, ಹಿಂಡಿ ಆಮೇಲೆ. ಮೈ ಕಾಪಾಡಿಕೊಳ್ಳಲು ಒಂದೂವರೆ ಕೆಜಿ, ಹಸುವಿನ ಪ್ರತಿ ಎರಡೂವರೆ ಲೀಟರಿಗೆ ಅಥವಾ ಎಮ್ಮೆಯ ಪ್ರತಿ ಎರಡು ಲೀಟರಿಗೆ ಒಂದು ಕೆಜಿ ದಾಣಿ ಎಂಬ ರೂಢಿಯ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದನ್ನು ಎರಡು ಹೊತ್ತಿಗೆ ಸುರಿಯದೆ ಮೂರ್ನಾಲ್ಕು ಸಲ ಹಂಚಿ ಕೊಡಬೇಕು. ಬೇಸಿಗೆಯಲ್ಲಿ ಮೇವಿನ ದೊಡ್ಡ ಪಾಲನ್ನು ನಸುಕಿನಲ್ಲಿ ಮತ್ತು ರಾತ್ರಿ ಹಾಕಿ. ತಿನ್ನುವ ಸೋಡಾ ದಿನಕ್ಕೆ 100–150 ಗ್ರಾಂ, ದಾಣಿಯಲ್ಲಿ ಕಲಸಿ ಕೊಟ್ಟರೆ ಜೊಲ್ಲಿನ ಕೊರತೆಯನ್ನು ಅಷ್ಟಿಷ್ಟು ತುಂಬುತ್ತದೆ. ಆದರೆ ಮೇವು ಸರಿಯಿಲ್ಲದೆ ಬರೀ ಸೋಡಾ ಕೆಲಸ ಮಾಡದು.

ಬೈಪಾಸ್ ಫ್ಯಾಟ್ ಎಂದು ಮಾರುವ ಪುಡಿಗಳಲ್ಲಿ ಹೆಚ್ಚಿನವು ತಾಳೆ ಎಣ್ಣೆಯ ಆಮ್ಲಗಳ ಕ್ಯಾಲ್ಸಿಯಂ ಲವಣ. ದಿನಕ್ಕೆ 100–200 ಗ್ರಾಂ ಕೊಟ್ಟರೆ 16, 18 ಇಂಗಾಲದ ಆಮ್ಲಗಳು ನೇರ ರಕ್ತಕ್ಕೆ ಹೋಗಿ ಅಂಕಿ ಏರಬಹುದು. ಕೆಚ್ಚಲಿನ ಎಸಿಸಿ, ಎಫ್‌ಎಎಸ್‌ಗಳನ್ನು ಅದು ಎಬ್ಬಿಸುವುದಿಲ್ಲ. ಮೇಲಾಗಿ ಈ ಲವಣ ಹುಳಿಯಲ್ಲಿ ಬಿಟ್ಟುಕೊಳ್ಳುತ್ತದೆ. ರುಮೆನ್ ಹುಳಿಯಾಗಿರುವ ದನಕ್ಕೆ ಕೊಟ್ಟರೆ ಬೈಪಾಸ್ ಆಗಬೇಕಾದ ಕೊಬ್ಬು ರುಮೆನ್‌ನಲ್ಲೇ ಬಿಚ್ಚಿಕೊಂಡು ದುಡ್ಡು ದಂಡ. ಅದನ್ನು ಕೊಡುವ ಸಮಯ ಕರು ಹಾಕಿದ ಮೊದಲ ಮೂರು ತಿಂಗಳು, ಮೇವು ಹದಕ್ಕೆ ಬಂದ ಮೇಲೆ.

ಮೇವು ಸರಿಪಡಿಸಿದ ಮರುದಿನವೇ ಫ್ಯಾಟ್ ಏರುವುದಿಲ್ಲ. ರುಮೆನ್‌ನ ಸೂಕ್ಷ್ಮಜೀವಿಗಳ ಬಳಗ ಹಳೆಯ ರೂಪಕ್ಕೆ ಬರಬೇಕು, ಕೆಚ್ಚಲು ಕಿಣ್ವಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು. ಎರಡರಿಂದ ಮೂರು ವಾರ ಹಿಡಿಯುತ್ತದೆ. ಈ ನಡುವೆ ನುಚ್ಚು ಇಳಿಸಿದ್ದರಿಂದ ಹಾಲು ಅರ್ಧ, ಮುಕ್ಕಾಲು ಲೀಟರ್ ಕಡಿಮೆಯಾಗಬಹುದು. ಗಾಬರಿಯಾಗಿ ನಾಲ್ಕನೇ ದಿನಕ್ಕೇ ಹಳೆಯ ದಾಣಿಗೆ ಮರಳಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಮೂರು ವಾರ ಕಳೆದರೂ ಅಂಕಿ ಅಲ್ಲೇ ಇದ್ದರೆ ಡೈರಿಯ ಚೀಟಿಗಳನ್ನೂ ದಾಣಿ ಚೀಲದ ಮೇಲಿನ ಎಣ್ಣೆಯ ಶೇಕಡಾವಾರನ್ನೂ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಹೋಗಬೇಕು.